ಮೇಲಿನ ಕಣ್ಣು, ಕೆಳಗಿನ ನೆಲ

ಯಾವ ಊರಿನ ಯಾವ ನೆಲ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂದು ಹೇಳುವ ಅಧಿಕಾರ ಬಹುಕಾಲ ನಮ್ಮ ಕಡೆ ಶಾನುಭೋಗರದಾಗಿತ್ತು, ಮಹಾರಾಷ್ಟ್ರದಲ್ಲಿ ತಲಾಟಿಯದಾಗಿತ್ತು. ಅವರ ಸರಪಳಿಯ ಅಳತೆ, ಅವರ ಕಡತದ ಗೆರೆ, ಅವರ ಬಾಯ ಮಾತು ಇವೇ ಪ್ರಮಾಣವೆನಿಸಿದ್ದವು. ಈಗ ಆ ಅಧಿಕಾರವು ಮೆಲ್ಲಮೆಲ್ಲನೆ ಆಕಾಶಕ್ಕೇರುತ್ತಿದೆ. 2024ರ ಮಾರ್ಚ್ ತಿಂಗಳಲ್ಲಿ ಧಾರಾವಿಯ ಪುನರ್ನಿರ್ಮಾಣಕ್ಕಾಗಿ ಮನೆಮನೆಯ ಗಣತಿ ಆರಂಭವಾದಾಗ ಆ ಕಾರ್ಯಕ್ಕೆ ಡ್ರೋನ್‌ಗಳನ್ನೂ ಬಳಸಲಾಯಿತು. ಅದೇ ವರ್ಷದ ಜುಲೈಯಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ 'ಹೈಡ್ರಾ' ಎಂಬ ಸರಕಾರಿ ಸಂಸ್ಥೆಯು ಕೆರೆಯಂಗಳದ ಒತ್ತುವರಿಗಳನ್ನು ತೆರವು ಮಾಡಲು ಹೊರಟು, ಹಳೆಯ ಉಪಗ್ರಹಚಿತ್ರಗಳನ್ನು ಸಾಕ್ಷಿಗೆ ಕರೆಯಿತು. 2025ರ ಫೆಬ್ರವರಿ 18ರಂದು ಕೇಂದ್ರ ಸರಕಾರವು ಮಧ್ಯಪ್ರದೇಶದ ರಾಯಸೇನದಲ್ಲಿ 'ನಕ್ಷಾ' ಎಂಬ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟಿತು. ದೇಶದ 152 ನಗರಸಂಸ್ಥೆಗಳ ನೆಲವನ್ನು ಆಕಾಶದಿಂದ ಚಿತ್ರಿಸಿ, ಸರ್ವೆ ಆಫ್ ಇಂಡಿಯಾದ ನೆರವಿನಿಂದ ಪಟ್ಟಣಗಳಿಗೆ ಹೊಸ ಭೂದಾಖಲೆ ಸಿದ್ಧಪಡಿಸುವುದು ಅದರ ಉದ್ದೇಶ.

ಇದು ವಿಜ್ಞಾನಿಗಳ ಸಂಗತಿ. ದಿನವಿಡೀ ಕಪ್ಪುಬಸಿ ತೊಳೆಯುವವನಿಗೂ ಲೆಡ್ಜರು ಬರೆಯುವವನಿಗೂ ಇದರಿಂದ ಆಗಬೇಕಾದುದೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಈ ಪುಟವನ್ನು ಓದುವವರಲ್ಲಿ ಅನೇಕರು ಚಾಳಿನ ಖೋಲಿಯಲ್ಲೋ, ಝೋಪಡಪಟ್ಟಿಯ ಬಾಡಿಗೆ ಕೋಣೆಯಲ್ಲೋ, ದುಡಿಯುವ ಹೊಟೇಲಿನ ಅಟ್ಟದ ಮೇಲೋ ಮಲಗುವವರು. ಇನ್ನು ಕೆಲವರು ಇಪ್ಪತ್ತು ಮೂವತ್ತು ವರ್ಷ ಕೂಡಿಟ್ಟ ಹಣದಿಂದ ಬೆಂಗಳೂರಿನ ಹೊರವಲಯದಲ್ಲಿ ಒಂದು ನಿವೇಶನ ಕೊಂಡವರು, ಇಲ್ಲವೆ ಕೊಳ್ಳಬೇಕೆಂದಿರುವವರು. ಈ ಎರಡೂ ಬಗೆಯವರ ತಲೆಯ ಮೇಲಿನ ಸೂರು ಉಳಿಯುವುದೋ ಅಳಿಯುವುದೋ ಎಂಬ ತೀರ್ಮಾನದಲ್ಲಿ ಇನ್ನು ಮುಂದೆ ಆಕಾಶದ ಚಿತ್ರಕ್ಕೂ ಒಂದು ಪಾಲಿರುತ್ತದೆ. ಆದುದರಿಂದ ಆ ಚಿತ್ರವು ಏನನ್ನು ಕಾಣುತ್ತದೆ, ಏನನ್ನು ಕಾಣಲಾರದು ಎಂಬುದನ್ನು ಸಾಮಾನ್ಯ ಜನರೂ ಅರಿತಿರುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಚಿತ್ರ ಹುಟ್ಟುವ ಬಗೆ

ಭೂಮಿಯ ನೆಲಜಲಗಳನ್ನು ನೋಡುವುದಕ್ಕೆಂದೇ ಅಮೆರಿಕೆಯವರು 1972ರ ಜುಲೈ 23ರಂದು ಒಂದು ಉಪಗ್ರಹವನ್ನು ಹಾರಿಸಿದರು. ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದ ಸಾಲಿನಲ್ಲಿ ಅದು ಮೊದಲನೆಯದು. ನಮ್ಮ ದೇಶದಲ್ಲಿ ಈ ವಿದ್ಯೆ ಅದಕ್ಕೂ ಮುಂಚೆಯೇ ಮೊಳೆತಿತ್ತು. 1970ರ ಸುಮಾರಿಗೆ ಪಿ. ಆರ್. ಪಿಷಾರಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಕ್ಯಾಮೆರಾ ಹಾರಿಸಿ, ರೋಗ ತಗುಲಿದ ಮರಗಳನ್ನು ಬಣ್ಣದಿಂದಲೇ ಗುರುತಿಸಿದರು. ಬಳಿಕ 1979ರಲ್ಲಿ ಭಾಸ್ಕರ ಎಂಬ ಪ್ರಾಯೋಗಿಕ ಉಪಗ್ರಹ ಹಾರಿತು. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಎಂಬ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹವು ಸೋವಿಯೆತ್ ದೇಶದ ಬೈಕನೂರಿನಿಂದ ಮೇಲೇರಿತು. ಆಗ ನಮ್ಮ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿ ರಾಮಚಂದ್ರ ರಾಯರು. ಅವರು ಹುಟ್ಟಿದ್ದು ಉಡುಪಿಯ ಸಮೀಪದ ಅದಮಾರಿನಲ್ಲಿ. ಉಡುಪಿಯ ಹೆಸರನ್ನು ನಮ್ಮ ಬಾಂಧವರು ಊರೂರಿನ ಹೊಟೇಲು ಫಲಕಗಳ ಮೇಲೆ ಬರೆದರು. ರಾಯರು ಅದನ್ನು ಇನ್ನೂ ಎತ್ತರಕ್ಕೆ ಒಯ್ದರು ಎಂದರೆ ತಪ್ಪಾಗಲಾರದು.

ಉಪಗ್ರಹವು ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದಿಂದ ಮರಳುವ ಬಿಸಿಲನ್ನು ಅಳೆಯುತ್ತದೆ. ಒಂದು ಚೌಕಕ್ಕೆ ಒಂದೇ ಅಂಕೆ. ಚೌಕದೊಳಗೆ ಎಷ್ಟೇ ವಸ್ತುಗಳಿರಲಿ, ಅವೆಲ್ಲ ಕಲಸಿ ಒಂದಾಗುತ್ತವೆ. ಆದ್ದರಿಂದ ಚೌಕ ಎಷ್ಟು ದೊಡ್ಡದು ಎಂಬುದೇ ಮುಖ್ಯ ಪ್ರಶ್ನೆ. ಮೊದಲ ಲ್ಯಾಂಡ್‌ಸ್ಯಾಟಿನ ಚೌಕ ಸುಮಾರು 80 ಮೀಟರು ಉದ್ದ, ಅಷ್ಟೇ ಅಗಲ. ಎಂದರೆ ಒಂದೂವರೆ ಎಕರೆಗೆ ಮಿಕ್ಕ ನೆಲ. ಹತ್ತು ಅಡಿಗೆ ಹನ್ನೆರಡು ಅಡಿಯ ಚಾಳಿನ ಖೋಲಿಯನ್ನು ಅಳತೆಗೆ ಹಿಡಿದರೆ, ಅಂಥ ಒಂದು ಚೌಕದಲ್ಲಿ ಐನೂರಕ್ಕೂ ಹೆಚ್ಚು ಖೋಲಿಗಳು ಹಿಡಿಸುತ್ತವೆ. ನಮ್ಮ ಐಆರ್‌ಎಸ್-1ಎಯ ಉತ್ತಮ ಕ್ಯಾಮೆರಾದ ಚೌಕ ಸುಮಾರು 36 ಮೀಟರು. 1995ರ ಡಿಸೆಂಬರಿನಲ್ಲಿ ಹಾರಿದ ಐಆರ್‌ಎಸ್-1ಸಿ ಅದನ್ನು 5.8 ಮೀಟರಿಗೆ ಇಳಿಸಿತು. ಆಗಲೂ ಒಂದು ಚೌಕದಲ್ಲಿ ಮೂರು ಖೋಲಿಗಳು. 2007ರ ಜನವರಿಯಲ್ಲಿ ಹಾರಿದ ಕಾರ್ಟೊಸ್ಯಾಟ್-2ರ ಚೌಕ ಒಂದು ಮೀಟರಿಗೂ ಕಿರಿದು. 2019ರ ನವೆಂಬರಿನ ಕಾರ್ಟೊಸ್ಯಾಟ್-3ರದು ಒಂದು ಅಡಿಯ ಆಸುಪಾಸು. ಐನೂರು ಖೋಲಿಗೆ ಒಂದು ಚುಕ್ಕೆ ಇದ್ದ ಕಾಲದಿಂದ ಒಂದು ಖೋಲಿಗೆ ನೂರಕ್ಕೂ ಮಿಕ್ಕ ಚುಕ್ಕೆ ಇರುವ ಕಾಲಕ್ಕೆ ಐವತ್ತು ವರ್ಷಗಳೊಳಗೆ ಬಂದು ಮುಟ್ಟಿದ್ದೇವೆ.

ಬಣ್ಣದ ವಿಚಾರವೂ ಸ್ವಾರಸ್ಯವಾಗಿದೆ. ಹಸಿರೆಲೆಯು ನಮ್ಮ ಕಣ್ಣಿಗೆ ಕಾಣದ, ಕೆಂಪಿನಾಚೆಯ ಅವರಕ್ತ ಕಿರಣವನ್ನು ಬಲವಾಗಿ ಹಿಂದಕ್ಕೆ ಎಸೆಯುತ್ತದೆ. ನೀರು ಅದನ್ನು ನುಂಗಿಬಿಡುತ್ತದೆ. ಆ ಕಿರಣಕ್ಕೆ ಕೆಂಪು ಬಣ್ಣ ಕೊಟ್ಟು ಚಿತ್ರ ಮಾಡಿದರೆ ತೋಟ, ಕಾಡು ಕೆಂಪಾಗಿಯೂ, ಕೆರೆ ಕಪ್ಪಾಗಿಯೂ, ಕಾಂಕ್ರೀಟಿನ ಊರು ಬೂದು ನೀಲಿಯಾಗಿಯೂ ತೋರುತ್ತದೆ. ಈ ವ್ಯತ್ಯಾಸವನ್ನು ಹಿಡಿದು ಇದು ಕಟ್ಟಡ, ಇದು ಹಸಿರು, ಇದು ನೀರು ಎಂದು ಯಂತ್ರವೇ ವಿಂಗಡಿಸಬಲ್ಲದು. ಆದರೆ ಬೇಸಿಗೆಯಲ್ಲಿ ಒಣಗಿದ ಗದ್ದೆಯೂ ಬರಿ ಮಣ್ಣೂ ಕೆಲವೊಮ್ಮೆ ಕಟ್ಟಡದಂತೆಯೇ ತೋರಿ ಯಂತ್ರವನ್ನು ವಂಚಿಸುತ್ತವೆ. ಮಳೆಗಾಲದಲ್ಲಿ ಮುಂಬಯಿಯ ಜೋಪಡಿಗಳ ಮೇಲೆ ಹೊದಿಸುವ ನೀಲಿ ತಾಡಪತ್ರಿ ಕೆಳಗಿನ ಮಾಡನ್ನು ಮರೆಮಾಡುತ್ತದೆ. ಇನ್ನು ಜೂನಿನಿಂದ ಸೆಪ್ಟೆಂಬರಿನ ವರೆಗೆ ಮೋಡ ಮುಸುಕಿದ ಮೇಲೆ ಬಿಸಿಲನ್ನು ನೆಚ್ಚಿದ ಕಣ್ಣಿಗೆ ಕರಾವಳಿಯೇ ಕಾಣದು. ಮೋಡವನ್ನು ಭೇದಿಸಿ ನೋಡಬಲ್ಲ ರೇಡಾರ್ ಉಪಗ್ರಹಗಳು ಈ ಕುಂದನ್ನು ತುಂಬುತ್ತವೆ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ, ಅಮೆರಿಕದೊಡನೆ ಕೂಡಿ ನಿರ್ಮಿಸಿದ ನಿಸಾರ್ ಆ ಜಾತಿಗೆ ಸೇರಿದ್ದು.

ಬೆಂಗಳೂರಿನ ಲೆಕ್ಕ

ಚಿತ್ರದ ಬೆಲೆ ತಿಳಿಯುವುದು ಒಂದೇ ಊರಿನ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಜೊತೆಯಲ್ಲಿ ಇಟ್ಟು ನೋಡಿದಾಗ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು 1973ರಿಂದ ಈಚಿನ ಚಿತ್ರಗಳನ್ನು ಹೀಗೆ ಹೋಲಿಸಿದ್ದಾರೆ. ಸುಮಾರು ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಕಟ್ಟಡ ಪ್ರದೇಶವು ಶೇಕಡಾ 584ರಷ್ಟು ಬೆಳೆಯಿತೆಂದೂ, ಹಸಿರು ಶೇಕಡಾ 66ರಷ್ಟು, ಜಲಾಶಯಗಳು ಶೇಕಡಾ 74ರಷ್ಟು ಕುಗ್ಗಿದವೆಂದೂ ಅವರ ಅಧ್ಯಯನ ಹೇಳಿತು. ನಗರವು ಬೆಳೆಯಿತೆಂದು ಎಲ್ಲರೂ ಬಲ್ಲರು. ಎಷ್ಟು ಬೆಳೆಯಿತು, ಯಾವುದನ್ನು ತಿಂದು ಬೆಳೆಯಿತು ಎಂಬ ಲೆಕ್ಕವನ್ನು ಮುಂದಿಟ್ಟದ್ದು ಈ ಚಿತ್ರಗಳು.

ಕೆರೆಯನ್ನು ತಿಂದ ಊರು ಆ ಋಣವನ್ನು ಹೇಗೆ ತೀರಿಸುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2016ರ ಆಗಸ್ಟಿನಲ್ಲಿ ರಾಜಕಾಲುವೆಗಳ ಒತ್ತುವರಿ ತೆರವು ನಡೆದಾಗ ಮನೆ ಕಳೆದುಕೊಂಡವರಲ್ಲಿ ನೋಂದಣಿ ಪತ್ರ ಹಿಡಿದವರಿದ್ದರು, ಕಂದಾಯದ ರಸೀದಿ ಹಿಡಿದವರಿದ್ದರು, ಬ್ಯಾಂಕಿನ ಸಾಲದ ಕಂತು ಇನ್ನೂ ಕಟ್ಟುತ್ತಿದ್ದವರಿದ್ದರು. ಅವರ ಕಾಗದವೆಲ್ಲ ಹಳೆಯ ಗ್ರಾಮನಕ್ಷೆಯ ಒಂದು ಗೆರೆಯ ಮುಂದೆ ನಿಲ್ಲಲಿಲ್ಲ. ಆ ಗೆರೆಯ ಮೇಲೆ ಬಡಾವಣೆಗೆ ಒಪ್ಪಿಗೆ ಕೊಟ್ಟವರು, ನಿವೇಶನ ಮಾಡಿ ಮಾರಿದವರು ಆ ದಿನ ಅಲ್ಲಿರಲಿಲ್ಲ. ಕೊಂಡವನೊಬ್ಬನೇ ಬೀದಿಯಲ್ಲಿ ನಿಂತಿದ್ದ. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗ ಮುಳುಗಿದಾಗ ಅದೇ ಕತೆ ಮತ್ತೊಮ್ಮೆ ನಡೆಯಿತು. ಚೆನ್ನೈಯಲ್ಲಿ ಪಳ್ಳಿಕರಣೈ ಜೌಗಿನ ಬಹುಭಾಗವನ್ನು ಕಟ್ಟಡಗಳೂ ಕಸದ ರಾಶಿಯೂ ಆವರಿಸಿದ ಬಗೆಯನ್ನು ಉಪಗ್ರಹಚಿತ್ರಗಳಲ್ಲಿ ವರ್ಷವರ್ಷಕ್ಕೂ ಕಾಣಬಹುದಾಗಿತ್ತು. 2015ರ ಡಿಸೆಂಬರಿನ ಪ್ರವಾಹದ ಬಳಿಕವೇ ಅನೇಕರು ಅತ್ತ ಗಮನ ಹರಿಸಿದರು.

ಇಲ್ಲಿ ಇನ್ನೊಂದು ಮಾತನ್ನು ನೆನಪಿಡುವುದು ಲೇಸು. ಊರಿಂದ ಮುಂಬಯಿಗೂ ಪುಣೆಗೂ ಬರುವ ನಮ್ಮವರು ಬಸ್ಸು ಹತ್ತುವ ಬೆಂಗಳೂರಿನ ಕೆಂಪೇಗೌಡ ಬಸ್ಸು ನಿಲ್ದಾಣವು ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆಯಾಗಿತ್ತು. ಕಂಠೀರವ ಕ್ರೀಡಾಂಗಣವಿರುವ ಜಾಗ ಸಂಪಂಗಿ ಕೆರೆಯದು. ಈ ಕೆರೆಗಳು ಬತ್ತಿದ್ದು ಉಪಗ್ರಹದ ಕಣ್ಣು ತೆರೆಯುವುದಕ್ಕೆ ಮೊದಲು. ಲ್ಯಾಂಡ್‌ಸ್ಯಾಟಿನ ನೆನಪಿಗೆ 1972ರ ಆಚೆ ಏನೂ ಗೊತ್ತಿಲ್ಲ. ಅದಕ್ಕೆ ಹಿಂದಿನ ಸಂಗತಿಗೆ ಗ್ರಾಮನಕ್ಷೆ, ಶಾನುಭೋಗರ ಕಡತ, ಹಿರಿಯರ ಮಾತು ಇವನ್ನೇ ಆಶ್ರಯಿಸಬೇಕು. ಹೊಸ ಕಣ್ಣು ಬಂದಿತೆಂದು ಹಳೆಯ ಕಡತವನ್ನು ಒಲೆಗೆ ಹಾಕುವುದು ಸಲ್ಲದು.

ಕಾಂಡ್ಲಾ ಕಾಡಿನ ಸಾಕ್ಷಿ

ಉಪಗ್ರಹಚಿತ್ರವು ನ್ಯಾಯಾಲಯದಲ್ಲಿ ನಿಂತು ನೆಲವನ್ನು ಉಳಿಸಿದ ಉದಾಹರಣೆಯೂ ಮುಂಬಯಿಯಲ್ಲೇ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಸುರಿದುದನ್ನು ಆ ದಿನ ಇಲ್ಲಿದ್ದ ಯಾರೂ ಮರೆಯಲಾರರು. ಸೊಂಟಮಟ್ಟದ ನೀರಿನಲ್ಲಿ ನಡೆದವರು, ಕಚೇರಿಯ ಮೇಜಿನ ಮೇಲೆ ರಾತ್ರಿ ಕಳೆದವರು, ಹೊಟೇಲಿನ ಕದ ತೆರೆದು ದಾರಿಹೋಕರಿಗೆ ಚಹಾ ಕೊಟ್ಟವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಮಿಠಿ ನದಿಯ ಪಾತ್ರ ಇಕ್ಕಟ್ಟಾದುದು, ಅಳಿವೆಗಳ ಅಂಚಿನ ಕಾಂಡ್ಲಾ ಕಾಡು ಕಡಿದುಹೋದುದು ಆ ಅನಾಹುತವನ್ನು ಹೆಚ್ಚಿಸಿದ ಕಾರಣಗಳಲ್ಲಿ ಸೇರಿದ್ದವು. ಕುಂದಾಪುರ, ಕಾರವಾರದ ಕಡೆಯವರಿಗೆ ಈ ಗಿಡವನ್ನು ಪರಿಚಯಿಸಬೇಕಾಗಿಲ್ಲ: ಉಪ್ಪುನೀರಿನಲ್ಲಿ ಬೇರು ಊರಿ ನಿಂತು ಅಲೆಯ ಹೊಡೆತವನ್ನೂ ಉಬ್ಬರದ ನೀರನ್ನೂ ತಾಳುವ ಗಿಡ ಅದು.

ಅದೇ 2005ರ ಅಕ್ಟೋಬರದಲ್ಲಿ ಮುಂಬಯಿ ಹೈಕೋರ್ಟು ಒಂದು ಸಾರ್ವಜನಿಕ ಹಿತದ ಅರ್ಜಿಯ ಮೇಲೆ ಆದೇಶ ಕೊಟ್ಟು, ರಾಜ್ಯದಲ್ಲಿ ಕಾಂಡ್ಲಾ ಕಾಡು ಕಡಿಯುವುದನ್ನು ತಡೆಯಿತು. ಅದರ ಅಂಚಿನಿಂದ 50 ಮೀಟರಿನೊಳಗೆ ಕಟ್ಟಡ ಕೂಡದೆಂದಿತು. ಕಾಡು ಎಲ್ಲೆಲ್ಲಿದೆ ಎಂಬುದನ್ನು ಉಪಗ್ರಹಚಿತ್ರದ ಮೂಲಕ ಗುರುತಿಸಬೇಕೆಂದು ಅಪ್ಪಣೆ ಮಾಡಿತು. ನಾಗಪುರದ ಮಹಾರಾಷ್ಟ್ರ ದೂರಸಂವೇದಿ ಕೇಂದ್ರವು ಆ ಕೆಲಸವನ್ನು ಕೈಕೊಂಡಿತು. 2012ರಲ್ಲಿ ಅರಣ್ಯ ಇಲಾಖೆಯಲ್ಲಿ ಇದಕ್ಕೆಂದೇ ಒಂದು ವಿಭಾಗ ಹುಟ್ಟಿತು. 2018ರ ಸೆಪ್ಟೆಂಬರಿನಲ್ಲಿ ಕೊಟ್ಟ ಅಂತಿಮ ತೀರ್ಪಿನಲ್ಲಿ ಹೈಕೋರ್ಟು, ಈ ಕಾಡನ್ನು ಹಾಳುಗೆಡಹುವುದು ನಾಗರಿಕರ ಬದುಕುವ ಹಕ್ಕಿಗೇ ಭಂಗವೆಂದು ಸಾರಿತು. ಇಲ್ಲಿ ಕಾಡು ಇರಲೇ ಇಲ್ಲ ಎಂದು ವಾದಿಸುವವನ ಮುಂದೆ ಚಿತ್ರವನ್ನು ಹಿಡಿಯಲು ಈಗ ಸಾಧ್ಯವಾಗಿದೆ.

ಆದರೂ ಒಂದು ಮಿತಿಯನ್ನು ಹೇಳಲೇಬೇಕು. ನಿನ್ನೆ ಇದ್ದ ಹಸಿರು ಇಂದು ಇಲ್ಲವೆಂದು ಚಿತ್ರ ಹೇಳುತ್ತದೆ. ಅದನ್ನು ಕಳೆದ ಕೈ ಯಾವುದೆಂದು ಹೇಳುವುದಿಲ್ಲ. ರಾತ್ರಿ ಹೊತ್ತು ಲಾರಿಗಟ್ಟಲೆ ಕಲ್ಲುಮಣ್ಣು ತಂದು ಸುರಿದು ಅಳಿವೆಯನ್ನು ಹೂಳಿಸಿದವನೂ, ಹಾಗೆ ಗಟ್ಟಿಯಾದ ನೆಲದ ಮೇಲೆ ಹಣ ತೆತ್ತು ಜೋಪಡಿ ಕಟ್ಟಿಕೊಂಡವನೂ ಬೇರೆ ಬೇರೆ. ಬುಲ್‌ಡೋಜರು ಬಂದಾಗ ಸಿಗುವವನು ಎರಡನೆಯವನು ಮಾತ್ರ.

ನಕ್ಷೆ ತಪ್ಪಿದಾಗ

ಚಿತ್ರವನ್ನು ಅತಿಯಾಗಿ ನೆಚ್ಚಿದರೆ ಏನಾಗುವುದೆಂಬುದಕ್ಕೂ ಮುಂಬಯಿಯೇ ನಿದರ್ಶನ. ನಗರದ ಮೊದಲ ಅಭಿವೃದ್ಧಿ ಯೋಜನೆ 1964ರಲ್ಲಿ ಸಿದ್ಧವಾಗಿ 1967ರಲ್ಲಿ ಮಂಜೂರಾಯಿತು. ಎರಡನೆಯದು ತೊಂಬತ್ತರ ದಶಕದ ಆರಂಭದಲ್ಲಿ ಮಂಜೂರಾಯಿತು. 2034ರ ವರೆಗಿನ ಮೂರನೆಯ ಯೋಜನೆಗಾಗಿ ಮಹಾನಗರಪಾಲಿಕೆಯು ಉಪಗ್ರಹಚಿತ್ರಗಳ ನೆರವಿನಿಂದ ಇಡೀ ನಗರದ ಸದ್ಯದ ಭೂಬಳಕೆಯ ನಕ್ಷೆಯನ್ನು ಮಾಡಿಸಿತು. ಆ ನಕ್ಷೆಯಲ್ಲಿ ಅಸಂಖ್ಯ ತಪ್ಪುಗಳಿರುವುದನ್ನು ನಾಗರಿಕ ಸಂಸ್ಥೆಗಳು ತೋರಿಸಿಕೊಟ್ಟವು. ಅದರ ಆಧಾರದ ಮೇಲೆ 2015ರ ಫೆಬ್ರವರಿಯಲ್ಲಿ ಕರಡು ಯೋಜನೆ ಹೊರಬಿದ್ದಾಗ ನಗರವೇ ಬೆಚ್ಚಿತು. ಇದ್ದ ಕಟ್ಟಡಗಳ ಮೇಲೆ ರಸ್ತೆ ಎಳೆಯಲಾಗಿತ್ತು. ಪಾರಂಪರಿಕ ಕಟ್ಟಡಗಳೂ ಪೂಜಾಸ್ಥಳಗಳೂ ತಪ್ಪಾಗಿ ನಮೂದಾಗಿದ್ದವು. ಆಕ್ಷೇಪಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಬಂದವು. ಏಪ್ರಿಲಿನಲ್ಲಿ ಮುಖ್ಯಮಂತ್ರಿಗಳು ಕರಡನ್ನು ಬದಿಗೊತ್ತಿ ತಿದ್ದಿ ತರುವಂತೆ ಅಪ್ಪಣೆ ಮಾಡಬೇಕಾಯಿತು. ತಿದ್ದಿದ ಯೋಜನೆಗೆ ಮಂಜೂರಾತಿ ದೊರೆತದ್ದು 2018ರಲ್ಲಿ.

ತಪ್ಪು ಉಪಗ್ರಹದ್ದಲ್ಲ. ಅದು ಕಂಡುದನ್ನು ಕಂಡಂತೆ ಕೊಟ್ಟಿತ್ತು. ಕಂಡುದಕ್ಕೆ ಹೆಸರಿಡುವ ಕೆಲಸ ಮನುಷ್ಯರದು. ಆ ಕೆಲಸಕ್ಕೆ ಬೀದಿಗಿಳಿದು ನಡೆಯಬೇಕು, ಕದ ತಟ್ಟಿ ಕೇಳಬೇಕು. ಅದರಲ್ಲಿ ಕೊರತೆಯಾಯಿತು. ಈ ಪ್ರಕರಣದಲ್ಲಿ ನಮಗೆ ಸಮಾಧಾನ ತರುವ ಅಂಶವೆಂದರೆ ತಪ್ಪನ್ನು ಹಿಡಿದವರು ಆಯಾ ಬೀದಿಯ ನಿವಾಸಿಗಳು ಎಂಬುದು. ನಕ್ಷೆ ಬಹಿರಂಗವಾಗಿತ್ತು, ಆದ್ದರಿಂದಲೇ ಅದನ್ನು ತಿದ್ದಲು ಸಾಧ್ಯವಾಯಿತು.

ಮಾಡಿನ ಕೆಳಗಿನ ಬಾಳು

ವಿಷಯದ ಮರ್ಮ ಇಲ್ಲಿಯೇ ಇದೆ. ಉಪಗ್ರಹವು ಕಾಣುವುದು ನೆಲದ ಹೊದಿಕೆಯನ್ನು: ತಗಡು, ಹಂಚು, ಸಿಮೆಂಟು, ಎಲೆ, ನೀರು. ನಗರ ಯೋಜಕರಿಗೆ ಬೇಕಾದದ್ದು ನೆಲದ ಬಳಕೆ: ಇದು ಮನೆಯೇ, ಅಂಗಡಿಯೇ, ಕಾರ್ಖಾನೆಯೇ, ಶಾಲೆಯೇ ಎಂಬುದು. ಹೊದಿಕೆಯಿಂದ ಬಳಕೆಯನ್ನು ಊಹಿಸಬಹುದು, ಹಲವು ವೇಳೆ ಊಹೆ ಸರಿಯೂ ಆಗಬಹುದು. ಆದರೆ ನಮ್ಮ ನಗರಗಳಲ್ಲಿ ಬಡವರು ಬಾಳುವ ಕಡೆಗಳಲ್ಲಿಯೇ ಆ ಊಹೆ ಎಲ್ಲಕ್ಕಿಂತ ಹೆಚ್ಚಾಗಿ ಎಡವುತ್ತದೆ.

ಒಂದು ಸಣ್ಣ ಹೊಟೇಲನ್ನೇ ತೆಗೆದುಕೊಳ್ಳೋಣ. ಮೇಲಿನಿಂದ ಅದು ಒಂದು ಮಾಡು. ನಕ್ಷೆಯಲ್ಲಿ ವಾಣಿಜ್ಯ ಎಂಬ ಒಂದು ಬಣ್ಣ. ಬೆಳಗಿನ ಜಾವದಿಂದ ರಾತ್ರಿ ಹತ್ತರ ವರೆಗೆ ಅದು ನಿಜವೂ ಹೌದು. ಕದ ಮುಚ್ಚಿದ ಬಳಿಕ ಮೇಜುಗಳನ್ನು ಒಂದಕ್ಕೊಂದು ಸೇರಿಸಿ ಅದರ ಮೇಲೆ ಇಬ್ಬರು, ಅಟ್ಟದಲ್ಲಿ ನಾಲ್ವರು, ಅಡಿಗೆಮನೆಯ ಬಾಗಿಲ ಬಳಿ ಒಬ್ಬರು ಹಾಸಿಗೆ ಬಿಡಿಸುತ್ತಾರೆ. ಬೆಳಗಾಗುವ ವರೆಗೆ ಅದು ಏಳು ಜನರ ಮನೆ. ಹಾಗೆಯೇ ಉಪನಗರದ ಒಂದು ಖೋಲಿಯಲ್ಲಿ ಹಗಲು ಪಾಳಿಯವರು ಎದ್ದುಹೋದ ಚಾಪೆಯ ಮೇಲೆ ರಾತ್ರಿಪಾಳಿಯವರು ಬಂದು ಮಲಗುತ್ತಾರೆ. ಒಂದು ಅಡಿಯ ಚೌಕವನ್ನು ನೋಡಬಲ್ಲ ಕಣ್ಣಿಗೂ ಈ ಲೆಕ್ಕ ದಕ್ಕುವುದಿಲ್ಲ.

ಮಾಟುಂಗದ ಒಂದು ಉಪಾಹಾರಗೃಹದಲ್ಲಿ ಕುಂದಾಪುರದ ಕಡೆಯ ನೌಕರರೊಬ್ಬರು ಮೊಬೈಲಿನಲ್ಲಿ ತಮ್ಮ ಊರಿನ ಉಪಗ್ರಹಚಿತ್ರವನ್ನು ತೆರೆದು ನಮಗೆ ತೋರಿಸಿದರು. ಹಂಚಿನ ಮಾಡು, ಹಿಂದಿನ ಬಾವಿಕಟ್ಟೆ, ಗದ್ದೆಯ ಅಂಚಿನ ಸಾಲು ತೆಂಗು, ಎಲ್ಲವೂ ಸ್ಪಷ್ಟವಾಗಿದ್ದವು. "ಇದು ನಮ್ಮ ಮನೆ" ಎಂದರು. ಇಲ್ಲಿ ಮುಂಬಯಿಯಲ್ಲಿ ಎಲ್ಲಿರುತ್ತೀರಿ ಎಂದು ಕೇಳಿದೆವು. ಅವರು ನಕ್ಕು, ತಲೆಯ ಮೇಲಿನ ಅಟ್ಟದ ಕಡೆಗೆ ಬೆರಳು ತೋರಿಸಿದರು. ವರ್ಷಕ್ಕೆ ಹದಿನೈದು ದಿನ ಇರುವ ಮನೆ ಆಕಾಶಕ್ಕೆ ಕಾಣುತ್ತದೆ. ಉಳಿದ ದಿನಗಳ ಮನೆ ಕಾಣುವುದಿಲ್ಲ.

ಇದು ಕೇವಲ ಮರುಕದ ಮಾತಲ್ಲ, ಕಾಯಿದೆಯ ಮಾತೂ ಹೌದು. 2011ರ ಜನಗಣತಿಯಂತೆ ಮುಂಬಯಿಯ ನಿವಾಸಿಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕವರು ಝೋಪಡಪಟ್ಟಿಗಳಲ್ಲಿದ್ದರು. ಅವರಿಗೆ ಮಹಾರಾಷ್ಟ್ರ ಸರಕಾರವು ಗೊತ್ತುಮಾಡಿದ ಗಡುವು ಎರಡು: 2000ದ ಜನವರಿ 1ಕ್ಕೆ ಮೊದಲಿನ ಜೋಪಡಿವಾಸಿಗಳಿಗೆ ಬಿಟ್ಟಿ ಮನೆ, ಅಲ್ಲಿಂದ 2011ರ ಜನವರಿ 1ರ ವರೆಗಿನವರಿಗೆ ಹಣ ತೆತ್ತು ಮನೆ. ಆ ದಿನ ಅಲ್ಲಿ ಜೋಪಡಿ ಇತ್ತೆಂದು ಸಿದ್ಧಪಡಿಸುವ ಹೊರೆ ಬಡವನದು. ಮತದಾರರ ಪಟ್ಟಿ, ವಿದ್ಯುತ್ತಿನ ಬಿಲ್ಲು, ಫೋಟೋಪಾಸು ಹುಡುಕಿ ಅಲೆಯುವವನಿಗೆ ಹಳೆಯ ಉಪಗ್ರಹಚಿತ್ರವೊಂದು ನೆರವಾಗಲಾರದೆ ಎಂದು ತೋರುವುದು ಸಹಜ. ಆದರೆ ಮೇಲೆ ಹೇಳಿದ ಚೌಕದ ಲೆಕ್ಕವನ್ನು ನೆನೆಯಿರಿ. 2000ದಲ್ಲಿ ನಮ್ಮ ದೇಶದ ಉಪಗ್ರಹದ ಚೌಕದಲ್ಲಿ ಮೂರು ಖೋಲಿಗಳು ಕಲಸಿಹೋಗುತ್ತಿದ್ದವು. ಅಮೆರಿಕದ ಒಂದು ಖಾಸಗಿ ಉಪಗ್ರಹ ಅದಕ್ಕೆ ಕೆಲವೇ ತಿಂಗಳು ಮುಂಚೆ ಒಂದು ಮೀಟರಿನ ಕಣ್ಣು ತೆರೆದಿತ್ತು, ಅಷ್ಟೆ. ಆದುದರಿಂದ 2011ರ ಗಡುವಿಗೆ ಚಿತ್ರವು ಒಂದೊಂದು ಮಾಡಿನ ಸಾಕ್ಷಿ ಹೇಳಬಲ್ಲುದು. 2000ದ ಗಡುವಿಗೆ ಹೆಚ್ಚೆಂದರೆ ಒಂದು ವಸತಿಯ ಸಾಕ್ಷಿ ಹೇಳೀತು. ಚಿತ್ರದಲ್ಲಿ ಕಾಣದ ಜೋಪಡಿ ಅಂದು ಇರಲಿಲ್ಲವೆಂದು ಯಾವ ಅಧಿಕಾರಿಯಾದರೂ ತೀರ್ಮಾನಿಸಿದರೆ ಅದು ಅನ್ಯಾಯವಾಗುತ್ತದೆ. ಇನ್ನು ಮಾಡು ಕಂಡಿತೆಂದೇ ಇಟ್ಟುಕೊಂಡರೂ ಅದರ ಕೆಳಗೆ ಬಾಡಿಗೆ ತೆತ್ತು ಬಾಳಿದವನು ಯಾರು, ಅಂತಸ್ತು ಒಂದೇ ಎರಡೇ ಎಂಬುದು ತಿಳಿಯದು. ಮೇಲಿನಿಂದ ನೋಡಿದವನಿಗೆ ಎಲ್ಲವೂ ಒಂದೇ ತಗಡು.

ಆಗಬೇಕಾದುದು

ಈ ವಿದ್ಯೆಯನ್ನು ವಿರೋಧಿಸಬೇಕೆಂಬುದು ನಮ್ಮ ಮತವಲ್ಲ. ಲಂಚಕ್ಕೆ ಮಣಿಯದ, ಕಡತ ಕಳೆಯದ ಸಾಕ್ಷಿ ಬಡವನಿಗೂ ಬೇಕು. ಆದರೆ ಆ ಸಾಕ್ಷಿಯ ಬಳಕೆಗೆ ಕೆಲವು ಕಟ್ಟುಗಳಿರಬೇಕು.

ಮೊದಲನೆಯದಾಗಿ, ಆಕಾಶದಿಂದ ಮಾಡಿದ ಯಾವ ನಕ್ಷೆಯೂ ಬೀದಿಯಲ್ಲಿ ನಡೆದು ಪರೀಕ್ಷಿಸದೆ ಅಂತಿಮವಾಗಬಾರದು. 'ನಕ್ಷಾ'ದಂಥ ಕಾರ್ಯಕ್ರಮದಲ್ಲಿ ಗೆರೆ ಎಳೆದ ಬಳಿಕ ಆಯಾ ವಾರ್ಡಿನಲ್ಲಿ, ಜನರಾಡುವ ಭಾಷೆಯಲ್ಲಿ ಅದನ್ನು ತೂಗುಹಾಕಿ ಆಕ್ಷೇಪ ಕೇಳಬೇಕು. ಎರಡನೆಯದಾಗಿ, ಚಿತ್ರವೊಂದನ್ನೇ ಆಧರಿಸಿ ಮನೆ ಕೆಡವುವುದು ಕೂಡದು. ಸುಪ್ರೀಂ ಕೋರ್ಟು 2024ರ ನವೆಂಬರ್ 13ರಂದು ಕೊಟ್ಟ ತೀರ್ಪಿನಲ್ಲಿ ಮನೆ ಕೆಡಹುವ ಮುನ್ನ ಹದಿನೈದು ದಿನಗಳ ನೋಟೀಸು ಕೊಡಬೇಕೆಂದು ವಿಧಿಸಿತು. ಆದರೆ ರಸ್ತೆ, ಕಾಲುದಾರಿ, ರೈಲುಹಾದಿಯ ಅಂಚು, ನದಿ, ಕೆರೆಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಈ ರಕ್ಷೆ ಅನ್ವಯಿಸದೆಂದೂ ಅದೇ ತೀರ್ಪು ಹೇಳಿದೆ. ನಗರದ ಬಡವರು ಹೆಚ್ಚಾಗಿ ನೆಲೆಸಿರುವುದು ಅಂಥ ಅಂಚುಗಳಲ್ಲಿಯೇ. ಅಲ್ಲಿ ಅಧಿಕಾರಿಗಳ ಹೊಣೆ ಇಮ್ಮಡಿಯಾಗಬೇಕು. ಮೂರನೆಯದಾಗಿ, ಕಣ್ಣು ಎಲ್ಲರನ್ನೂ ಸಮನಾಗಿ ನೋಡಬೇಕು. ಹೈದರಾಬಾದಿನಲ್ಲಿ 2024ರ ಆಗಸ್ಟಿನಲ್ಲಿ ಕೆರೆಯಂಚಿನ ಒಂದು ಸಿರಿವಂತ ಸಭಾಭವನ ಉರುಳಿದಾಗ ಜನ ಮೆಚ್ಚಿದರು. ಮರುತಿಂಗಳು ಮೂಸಿ ನದಿಯಂಚಿನ ಬಡಮನೆಗಳ ಗೋಡೆಗೆ ಅಧಿಕಾರಿಗಳು ಗುರುತು ಹಾಕತೊಡಗಿದಾಗ ಗೋಳು ಮುಗಿಲು ಮುಟ್ಟಿತು. ಸಭಾಭವನದವನಿಗೆ ಬೇರೆ ಮನೆಯಿರುತ್ತದೆ, ನ್ಯಾಯವಾದಿಗಳಿರುತ್ತಾರೆ. ಗೋಡೆಯ ಮೇಲಿನ ಗುರುತನ್ನು ನೋಡುತ್ತ ನಿಂತವನಿಗೆ ಮರುವಸತಿಯ ಭರವಸೆ ಮುಂದಾಗಿ ದೊರೆಯಬೇಕು.

ನಮ್ಮ ಬಾಂಧವರು ತಮ್ಮ ಮಟ್ಟಿಗೆ ಮಾಡಬಹುದಾದುದೂ ಇದೆ. ಊರಲ್ಲಿ ನಿವೇಶನ ಕೊಳ್ಳುವವರು ದಲ್ಲಾಳಿಯ ಬಣ್ಣದ ಕಾಗದವನ್ನಷ್ಟೇ ನೋಡಿ ಮುಂಗಡ ಕೊಡಬಾರದು. ಕರ್ನಾಟಕದ ದೂರಸಂವೇದಿ ಕೇಂದ್ರವು ಸಿದ್ಧಪಡಿಸಿದ 'ದಿಶಾಂಕ್' ಎಂಬ ಮೊಬೈಲು ಸಾಧನದಲ್ಲಿ ಯಾವ ನೆಲ ಯಾವ ಸರ್ವೆ ನಂಬರಿಗೆ ಸೇರಿದ್ದು, ಅಲ್ಲಿ ಕೆರೆ ಕಾಲುವೆಗಳ ಗುರುತಿದೆಯೇ ಎಂದು ಮುಂಬಯಿಯಲ್ಲಿ ಕುಳಿತೇ ನೋಡಬಹುದು. ಗೂಗಲ್ ಅರ್ತ್‌ನಲ್ಲಿ ಅದೇ ಜಾಗದ ಹಿಂದಿನ ವರ್ಷಗಳ ಚಿತ್ರವನ್ನು ತೆರೆದು, ಇಂದಿನ ಸಮತಟ್ಟು ನಿವೇಶನ ಹದಿನೈದು ವರ್ಷದ ಹಿಂದೆ ನೀರು ನಿಲ್ಲುವ ತಗ್ಗಾಗಿತ್ತೇ ಎಂದು ಪರೀಕ್ಷಿಸಬಹುದು. ನಮ್ಮವರದೇ ಆದ ಭುವನ್ ತಾಣವೂ 2009ರಿಂದ ಎಲ್ಲರಿಗೂ ತೆರೆದಿದೆ. ಇದಾದ ಮೇಲೂ ಗ್ರಾಮನಕ್ಷೆಯ ನಕಲನ್ನು ತರಿಸಿ, ತಿಳಿದ ವಕೀಲರಿಗೆ ತೋರಿಸಿದ ಬಳಿಕವೇ ಹಣ ಕೊಡುವುದು ವಿವೇಕ. ಇಲ್ಲಿ ವಾಸಿಸುವವರು ಬಾಡಿಗೆಯ ಚೀಟಿ, ಪಡಿತರ ಚೀಟಿ, ಮತದಾರರ ಪಟ್ಟಿಯ ಹೆಸರು, ಮಕ್ಕಳ ಶಾಲೆಯ ದಾಖಲೆ ಇವನ್ನು ಜೋಪಾನವಾಗಿ ಇಡಬೇಕು. ಮಾಡು ಇತ್ತೆಂದು ಆಕಾಶ ಹೇಳೀತು. ಅದರ ಕೆಳಗೆ ನೀವಿದ್ದಿರೆಂದು ಹೇಳಬಲ್ಲವು ಈ ಕಾಗದಗಳು ಮಾತ್ರ.

ಕನ್ನಡ ಸಂಘಗಳಿಗೂ ನಮ್ಮದೊಂದು ಬಿನ್ನಹವಿದೆ. ಮುಂಬಯಿಯ ಕನ್ನಡಿಗರು ರಾತ್ರಿಶಾಲೆಗಳನ್ನು ಕಟ್ಟಿ ಹೊಟೇಲಿನ ಹುಡುಗರಿಗೆ ಅಕ್ಷರ ಕಲಿಸಿದವರು. ಇಂದು ಅಕ್ಷರದ ಜೊತೆಗೆ ನಕ್ಷೆಯನ್ನು ಓದುವುದನ್ನೂ ಕಲಿಸಬೇಕಾಗಿದೆ. ತಿಂಗಳಿಗೊಂದು ಭಾನುವಾರ ಸಂಜೆ, ಕೆಲಸ ಮುಗಿಸಿ ಬಂದವರನ್ನು ಕೂರಿಸಿ, ನಮ್ಮ ಬೀದಿ ನಕ್ಷೆಯಲ್ಲಿ ಹೇಗಿದೆ, ಸರಿಯಾಗಿದೆಯೇ, ತಪ್ಪಾಗಿದ್ದರೆ ಆಕ್ಷೇಪವನ್ನು ಎಲ್ಲಿ ಯಾವಾಗ ಕೊಡಬೇಕು ಎಂದು ತಿಳಿಸಿಕೊಡುವುದು ಕಠಿಣವಾದ ಕೆಲಸವೇನಲ್ಲ. ಸಂಘದಲ್ಲಿ ಗುಮಾಸ್ತರಿದ್ದಾರೆ, ವಕೀಲರಿದ್ದಾರೆ, ಮೊಬೈಲು ಬಲ್ಲ ತರುಣರಿದ್ದಾರೆ. 2015ರಲ್ಲಿ ಮುಂಬಯಿಯ ಕರಡನ್ನು ತಿದ್ದಿಸಿದವರು ಇಂಥ ಸಾಮಾನ್ಯ ಜನರೇ.

ಮುಂದೆ ಹೊಸ ಗಣತಿಯವರು ಬಂದು ಹೊಟೇಲಿನ ಬಾಗಿಲಲ್ಲಿ ನಿಂತು ಇಲ್ಲಿ ಯಾರು ವಾಸಿಸುತ್ತಾರೆ ಎಂದು ಕೇಳಿದಾಗ, ಇದು ಅಂಗಡಿ, ಯಾರೂ ಇಲ್ಲ ಎಂದು ಮಾಲಿಕರು ಹೇಳಿ ಕಳುಹಿಸಬಾರದು. ನೌಕರರೂ ಸಂಕೋಚಪಟ್ಟು ಒಳಗೆ ಸರಿಯಬಾರದು. ಅಟ್ಟದ ಮೇಲೆ ಮಲಗುವ ನಾಲ್ವರ ಹೆಸರನ್ನೂ ಬರೆಯಿಸಬೇಕು.